ಸೋತವನಿಗೆ ಮಣೆ, ಗೆದ್ದವನಿಗೆ ಗೇಟ್‌ಪಾಸ್

ಆನ್‌ಲೈನ್ ಬೆಟ್ಟಿಂಗ್ ಪರ ನಿಲ್ಲುವವರು ಕೊನೆಗೆ ಹಿಡಿಯುವ ಗುರಾಣಿ 'ಕೌಶಲ'. ಕುದುರೆ ರೇಸ್ ಕೌಶಲದ ಆಟವೆಂದು ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ, ಆಟ ಬಲ್ಲವನು ಬಾಜಿ ಕಟ್ಟಿದರೆ ತಪ್ಪೇನು ಎಂದು ಕೇಳುತ್ತಾರೆ. ನಿಜಕ್ಕೂ ಲೆಕ್ಕ ಬಲ್ಲವನನ್ನು ಬೆಟ್ಟಿಂಗ್ ಕಂಪನಿಗಳು ಹೇಗೆ ನಡೆಸಿಕೊಳ್ಳುತ್ತವೆ ಎಂದು ನೋಡಿದರೆ ಈ ವಾದದ ಬಣ್ಣ ಬಯಲಾಗುತ್ತದೆ. ಬುಕ್ಕಿಗಳ ದರದ ವ್ಯತ್ಯಾಸ ಹಿಡಿದು ಎರಡೂ ಕಡೆ ಬಾಜಿ ಕಟ್ಟುವ 'ಆರ್ಬಿಟ್ರೇಜ್' ಅದಕ್ಕೆ ಒಳ್ಳೆಯ ಒರೆಗಲ್ಲು.

ಲೆಕ್ಕ ಸರಳ. ಸಮಬಲದ ಇಬ್ಬರ ಟೆನಿಸ್ ಪಂದ್ಯ. ಒಂದು ಸೈಟ್‌ನಲ್ಲಿ ಇಬ್ಬರ ಮೇಲೂ 1.90 ದರ, ಅಂದರೆ ಗೆದ್ದರೆ ಕಟ್ಟಿದ್ದರ 1.90 ಪಟ್ಟು, ಎಂದಿಟ್ಟುಕೊಳ್ಳಿ. ಎರಡೂ ಕಡೆ ಐದೈದು ಸಾವಿರ ಕಟ್ಟಿದರೆ, ಯಾರೇ ಗೆಲ್ಲಲಿ, ಕೈಗೆ ಬರುವುದು 9,500 ರೂಪಾಯಿ. ಉಳಿದ 500 ಬುಕ್ಕಿಯ ಪಾಲು. ಆದರೆ ಎಲ್ಲ ಬುಕ್ಕಿಗಳ ದರ ಒಂದೇ ಇರುವುದಿಲ್ಲ. ಯಾರ ಮೇಲೆ ಎಷ್ಟು ದುಡ್ಡು ಬೀಳುತ್ತಿದೆ ಎಂದು ನೋಡಿಕೊಂಡು ಏರಿಸುತ್ತಾರೆ, ಇಳಿಸುತ್ತಾರೆ. ಒಂದು ಸೈಟ್ ಮೊದಲನೆಯವನಿಗೆ 2.04, ಇನ್ನೊಂದು ಸೈಟ್ ಎರಡನೆಯವನಿಗೆ 2.04 ಕೊಟ್ಟ ಗಳಿಗೆಯಲ್ಲಿ ಅಷ್ಟೇ ದುಡ್ಡು ಕಟ್ಟಿದವನಿಗೆ 10,200 ಬರುತ್ತದೆ. ಯಾರು ಗೆದ್ದರೂ 200 ಲಾಭ.

ಈ 200 ರೂಪಾಯಿ ತೋರಿಸಿ 'ನಷ್ಟವೇ ಇಲ್ಲ' ಎಂದು ಹುಡುಗರನ್ನು ಸೆಳೆಯುವವರು ಉಳಿದದ್ದನ್ನು ಹೇಳುವುದಿಲ್ಲ. ಒಂದು ಕಡೆ ಕಟ್ಟಿ ಇನ್ನೊಂದು ಸೈಟ್ ತೆರೆಯುವಷ್ಟರಲ್ಲಿ ದರ 1.80ಕ್ಕೆ ಇಳಿದಿರಬಹುದು. ಆಟಗಾರ ಗಾಯಗೊಂಡು ಅರ್ಧಕ್ಕೇ ನಿಲ್ಲಿಸಿದರೆ, ಒಂದು ಸೈಟ್ ಬಾಜಿ ರದ್ದು ಮಾಡಿ ಅಸಲು ಮರಳಿಸಬಹುದು. ಇನ್ನೊಂದು, ಮೊದಲ ಸೆಟ್ ಮುಗಿದಿದೆಯೆಂದು ಗಾಯಗೊಂಡವನ ಮೇಲಿನ ಬಾಜಿಗೆ ಸೋಲನ್ನೇ ಬರೆಯಬಹುದು. ಆಗ 200ರ ಆಸೆಗೆ ಹೋದವನ ಕೈಯಿಂದ 5,000 ಹೋಗುತ್ತದೆ.

ಇಷ್ಟೆಲ್ಲ ದಾಟಿ ಗೆಲ್ಲುತ್ತಾ ಬಂದವನ ಗತಿ? ಜಾಡು ಸಿಕ್ಕ ಕೂಡಲೇ ಕಂಪನಿ ಅವನ ಬಾಜಿಯ ಮಿತಿಯನ್ನು ಚಿಲ್ಲರೆ ಕಾಸಿಗೆ ಇಳಿಸುತ್ತದೆ, ಇಲ್ಲವೇ ಖಾತೆ ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಕಂಪನಿಗಳೇ ಹೀಗೆ ಮಾಡುತ್ತವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕುದುರೆ ರೇಸ್‌ನ ಬಾಜಿಯನ್ನು ನಿಗದಿತ ಮೊತ್ತದವರೆಗೆ ನಿರಾಕರಿಸುವಂತಿಲ್ಲ ಎಂದು 2014ರಲ್ಲಿ ನಿಯಮವನ್ನೇ ತರಬೇಕಾಯಿತು. ಸೋಲುತ್ತಲೇ ಇರುವವನಿಗೆ ಮಾತ್ರ ಬೋನಸ್, ಫ್ರೀ ಬೆಟ್‌ಗಳ ಉಪಚಾರ. ಕೌಶಲ ಕಂಡೊಡನೆ ಬಾಗಿಲು ಹಾಕುವ ಜಾಗ ಕೌಶಲದ ಕಣವಾಗುವುದು ಹೇಗೆ?

ಖಾತೆ ಮುಚ್ಚಿಸಿಕೊಂಡವನು ಅಮ್ಮನ, ತಂಗಿಯ ಹೆಸರಿನಲ್ಲಿ ಹೊಸ ಖಾತೆ ತೆರೆಯುವ ದಾರಿ ಹಿಡಿಯುತ್ತಾನೆ. ಆಗ ಜೂಜಿನ ಕೆಸರು ಮನೆಯವರಿಗೂ ಮೆತ್ತಿಕೊಳ್ಳುತ್ತದೆ. ವಿದೇಶಿ ಸೈಟ್ ಆ ಖಾತೆಯ ಹಣ ತಡೆಹಿಡಿದರೆ ಯಾವ ಠಾಣೆಗೆ, ಯಾವ ಗ್ರಾಹಕ ವೇದಿಕೆಗೆ ಹೋಗುವುದು?

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆಟಗಳನ್ನೆಲ್ಲ ನಿಷೇಧಿಸಿತು. ಆಡುವವನಿಗೆ ಶಿಕ್ಷೆಯಿಲ್ಲ, ನಡೆಸುವವನಿಗೆ 3 ವರ್ಷದವರೆಗೆ ಜೈಲು, ಜಾಹೀರಾತು ಕೊಟ್ಟವನಿಗೆ 2 ವರ್ಷದವರೆಗೆ. ಕರ್ನಾಟಕ ಹೈಕೋರ್ಟ್‌ನಲ್ಲಿ ಕಂಪನಿಯೊಂದು ಇದನ್ನು ಪ್ರಶ್ನಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ನಿಷೇಧಿಸಿದರೆ ಜನ ಕಳ್ಳದಾರಿ ಹಿಡಿಯುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದೇ ಸೈಟ್ ಬ್ಲಾಕ್ ಮಾಡಿ ಕೈತೊಳೆದುಕೊಂಡರೆ ಸಾಲದು. 'ಶ್ಯೂರ್ ಬೆಟ್' ಎಂದು ಈ ಆರ್ಬಿಟ್ರೇಜ್ ಹೇಳಿಕೊಡುವ ಏಜೆಂಟರನ್ನೂ ಹಣ ಸಾಗಿಸುವ ಬಾಡಿಗೆ ಬ್ಯಾಂಕ್ ಖಾತೆಗಳನ್ನೂ ಪೊಲೀಸರು ಹುಡುಕಿ ಹಿಡಿಯಬೇಕು. ಹುಡುಗರಿಗೆ ಲೆಕ್ಕ ಕಲಿಸುವ ನಾವು, 200ರ ಜೊತೆಗೆ ಆ 5,000ದ ಲೆಕ್ಕವನ್ನೂ ಅವರ ಮುಂದೆ ಬರೆದು ತೋರಿಸಬೇಕು.