ಹದಿಹರೆಯದ ಕಾದಂಬರಿಯನ್ನು ಮೊದಲು ಓದಬೇಕಾದವರು ಶಿಕ್ಷಕರು

ಬಿ.ಇಡಿ. ಎರಡು ವರ್ಷದ ಕೋರ್ಸ್ ಆದಾಗ, ಅಂದರೆ 2014ರ ಎನ್‌ಸಿಟಿಇ ನಿಯಮಗಳ ನಂತರ, ನಮ್ಮ ಪಠ್ಯಕ್ರಮಕ್ಕೆ ಇಪಿಸಿ ಪತ್ರಿಕೆಗಳು ಸೇರಿದವು. ಅವುಗಳಲ್ಲಿ ಮೊದಲನೆಯದು ಪಠ್ಯಗಳ ಓದು ಮತ್ತು ಚಿಂತನೆಗೆ ಸಂಬಂಧಿಸಿದ್ದು. ಹೆಸರು ಚೆನ್ನಾಗಿದೆ. ಆದರೆ ಇದರಡಿಯಲ್ಲಿ ನಾವು ಸಾಮಾನ್ಯವಾಗಿ ಓದುವುದು ಒಂದು ಆಯೋಗದ ವರದಿಯ ಭಾಗ, ಎನ್‌ಸಿಎಫ್ 2005ರ ಕೆಲವು ಪುಟ, ಒಬ್ಬ ಮಹನೀಯರ ಆತ್ಮಕಥೆಯ ಅಧ್ಯಾಯ, ದಿನಪತ್ರಿಕೆಯ ಒಂದು ಲೇಖನ. ಸಾರಾಂಶ ಬರೆದು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಓದು ಮುಗಿಯಿತು, ಚಿಂತನೆಯೂ ಮುಗಿಯಿತು.

ಈ ಪತ್ರಿಕೆಯಲ್ಲಿ ಪ್ರೀತಿ ಮತ್ತು ಸ್ನೇಹವನ್ನು ಕುರಿತ ಇಂದಿನ ಹದಿಹರೆಯದ ಕಾದಂಬರಿ ಒಂದಾದರೂ ಕಡ್ಡಾಯ ಓದಾಗಿ ಸೇರಬೇಕು ಎಂಬುದು ನನ್ನ ವಾದ. ಮುಖ್ಯವಾಗಿ ನನ್ನಂತಹ ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಇದನ್ನು ಓದಬೇಕು. ಮಕ್ಕಳಿಗೆ ಇಂತಹ ಪುಸ್ತಕ ಕೊಡಬೇಕೇ ಬೇಡವೇ ಎಂಬುದು ಆಮೇಲಿನ ಚರ್ಚೆ. ನಾನು ಹೇಳುತ್ತಿರುವುದು ನಾವು, ಅಂದರೆ ಶಿಕ್ಷಕರಾಗುವವರು, ಓದಬೇಕೆಂದು.

‘ಯಂಗ್ ಅಡಲ್ಟ್’ ಎಂದು ಕರೆಯುವ ಈ ಬಗೆಯ ಸಾಹಿತ್ಯ ಹದಿಮೂರರಿಂದ ಹದಿನೆಂಟರ ವಯಸ್ಸಿನವರ ಕಣ್ಣಿನಿಂದ, ಅವರದೇ ದನಿಯಲ್ಲಿ ಕಥೆ ಹೇಳುತ್ತದೆ. ಅಮೆರಿಕದ ಎಸ್.ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆಯತೊಡಗಿದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಪ್ರಕಟವಾಯಿತು. ಈ ಸಾಹಿತ್ಯದ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ಅಲ್ಲಿಂದ ಈಚೆಗೆ ಬೆಳೆದ ಈ ಪ್ರಕಾರದಲ್ಲಿ ಇಂದು ಬರೀ ಕನಸಿನ ರಾಜಕುಮಾರನ ಕಥೆಗಳಿಲ್ಲ. ಮನೆ, ಬಡತನ, ಮೊಬೈಲ್, ಅವಮಾನ, ದೂರವಾದ ಗೆಳತಿ, ಇವೆಲ್ಲ ಇವೆ. ಅಂದರೆ ನಮ್ಮ ಮುಂದೆ ಬೆಂಚಿನ ಮೇಲೆ ಕೂತಿರುವ ಮಕ್ಕಳ ಬದುಕಿನಲ್ಲಿ ಏನಿದೆಯೋ ಅದೇ ಇದೆ.

ನಾನು ಬೋಧಿಸುವ ವಿಷಯದಿಂದಲೇ ಆರಂಭಿಸುತ್ತೇನೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ. ಪಿಟ್ಯುಟರಿ ಗ್ರಂಥಿ, ಟೆಸ್ಟೋಸ್ಟಿರಾನ್, ಈಸ್ಟ್ರೋಜನ್, ದನಿ ಒಡೆಯುವುದು, ಮೊಡವೆ, ಇವೆಲ್ಲ ಅಲ್ಲಿ ಕ್ರಮವಾಗಿ ಬರುತ್ತವೆ. ಮನಸ್ಸಿನ ಬದಲಾವಣೆಗೆ ಸಿಗುವುದು ಸಣ್ಣ ಜಾಗ. ಅಭ್ಯಾಸ ಬೋಧನೆಯಲ್ಲಿ ಈ ಪಾಠವನ್ನು ಆರಿಸಿಕೊಳ್ಳುವವರೇ ಕಡಿಮೆ. ಆರಿಸಿಕೊಂಡರೂ ಚಾರ್ಟ್ ತೂಗುಹಾಕಿ, ಗ್ರಂಥಿಗಳ ಹೆಸರು ಹೇಳಿಸಿ, ಮೌಲ್ಯಮಾಪನದ ಪ್ರಶ್ನೆಗಳಿಗೆ ಓಡುತ್ತೇವೆ. ಮನೋವಿಜ್ಞಾನದ ಪತ್ರಿಕೆಯಲ್ಲಿ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹದಿಹರೆಯವನ್ನು ಬಿರುಗಾಳಿ ಮತ್ತು ಒತ್ತಡದ ಕಾಲವೆಂದು ಕಂಡದ್ದನ್ನೂ, ಎರಿಕ್ಸನ್ ಅದನ್ನು ಅನನ್ಯತೆಯ ಹುಡುಕಾಟವೆಂದದ್ದನ್ನೂ ಬಾಯಿಪಾಠ ಮಾಡಿದ್ದೇವೆ. ಹಾರ್ಮೋನು ಒಂದು ಕಡೆ, ಸಿದ್ಧಾಂತ ಇನ್ನೊಂದು ಕಡೆ. ನಡುವೆ ಇರುವ ಮಗು ಎರಡರಲ್ಲೂ ಕಾಣುವುದಿಲ್ಲ.

ಆ ಮಗು ಕಾಣದಿದ್ದರೆ ಏನಾಗುತ್ತದೆ ಎಂಬುದನ್ನು ಇಂಟರ್ನ್‌ಶಿಪ್‌ನಲ್ಲಿ ನೋಡಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಒಂದು ಚೀಟಿ ಸಿಕ್ಕಿತು. ಅದನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದಲಾಯಿತು. ಬರೆದ ಹುಡುಗನಿಗೆ ಎರಡು ಏಟು ಬಿತ್ತು, ಅವನು ಮರುದಿನ ತನ್ನ ಜಾಗದಲ್ಲಿ ಬಂದು ಕೂತ. ಹುಡುಗಿಯ ಅಪ್ಪನನ್ನು ಕರೆಸಿದರು. ಅವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾನು ಆ ಶಾಲೆಯಲ್ಲಿದ್ದಷ್ಟು ದಿನವೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದೇ ಇತ್ತು. ಚೀಟಿ ಅವಳು ಬರೆದದ್ದಲ್ಲ. ಉತ್ತರ ಕೊಟ್ಟಿದ್ದಳೋ ಇಲ್ಲವೋ, ಚೀಟಿ ಬಂದದ್ದು ಅವಳಿಗೆ ಇಷ್ಟವಿತ್ತೋ ಭಯವಿತ್ತೋ, ಯಾರೂ ಕೇಳಲಿಲ್ಲ. ಸ್ಟಾಫ್‌ ರೂಮಿನಲ್ಲಿ ಕೇಳಿಬಂದದ್ದು ಒಂದೇ ಮಾತು: ‘ಈಗಿನ ಹುಡುಗರು ಕೆಟ್ಟುಹೋಗಿದ್ದಾರೆ.’

ಆ ಶಿಕ್ಷಕರು ಕೆಟ್ಟವರಲ್ಲ. ಅವರಲ್ಲಿ ಒಬ್ಬರು ಬೆಳಿಗ್ಗೆ ಎಂಟೂವರೆಗೇ ಬಂದು ಹತ್ತನೇ ತರಗತಿಗೆ ವಿಶೇಷ ತರಗತಿ ನಡೆಸುವವರು. ಆದರೆ ಆ ಗಳಿಗೆಯಲ್ಲಿ ಏನು ಕೇಳಬೇಕು ಎಂಬ ಪ್ರಶ್ನೆಗಳೇ ಅವರ ಬಳಿ ಇರಲಿಲ್ಲ. ಯಾವ ತರಬೇತಿಯೂ ಅವರಿಗೆ ಅದನ್ನು ಕೊಟ್ಟಿರಲಿಲ್ಲ. ಒಂದು ಒಳ್ಳೆಯ ಕಾದಂಬರಿ ಕೊಡಬಲ್ಲದ್ದು ಆ ಪ್ರಶ್ನೆಗಳನ್ನೇ.

ರೇನ್‌ಬೋ ರೋವೆಲ್ ಅವರ ‘ಎಲಿನಾರ್ ಅಂಡ್ ಪಾರ್ಕ್’ ಕಾದಂಬರಿಯನ್ನು ನೋಡಿ. ಕಥೆ ನಡೆಯುವುದು 1986ರಲ್ಲಿ, ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ. ಶಾಲಾ ಬಸ್ಸಿನಲ್ಲಿ ಬೇರೆ ಸೀಟು ಸಿಗದೆ ಪಕ್ಕಪಕ್ಕ ಕೂತ ಹುಡುಗ, ಹುಡುಗಿ ಬಹಳ ದಿನ ಮಾತೇ ಆಡುವುದಿಲ್ಲ. ಅವನು ಓದುವ ಕಾಮಿಕ್ಸ್‌ ಪುಸ್ತಕವನ್ನು ಅವಳು ಓರೆಗಣ್ಣಿನಲ್ಲಿ ಓದುತ್ತಾಳೆ, ಅವನು ಪುಟ ತಿರುಗಿಸುವುದನ್ನು ನಿಧಾನ ಮಾಡುತ್ತಾನೆ. ಹೊರಗಿನಿಂದ ನೋಡುವ ಶಿಕ್ಷಕರಿಗೆ ಇದು ‘ಬಸ್ಸಿನ ಪ್ರೇಮ’. ಒಳಗೆ ಹೋದರೆ ಕಾಣುವುದು ಬೇರೆ. ಎಲಿನಾರ್‌ಳ ಮನೆಯಲ್ಲಿ ಮಕ್ಕಳಿಗೆಲ್ಲ ಒಂದೇ ಕೋಣೆ. ಬಚ್ಚಲಿಗೆ ಬಾಗಿಲಿಲ್ಲ. ಮಲತಂದೆಯ ಭಯ. ಅವಳು ಹಾಕಿಕೊಳ್ಳುವ ಗಂಡಸರ ಅಂಗಿ ಶಾಲೆಯಲ್ಲಿ ನಗೆಪಾಟಲು. ಅವಳ ಪುಸ್ತಕದ ರಟ್ಟಿನ ಮೇಲೆ ಯಾರೋ ಅಸಹ್ಯವಾಗಿ ಬರೆಯುತ್ತಿರುತ್ತಾರೆ. ಸಹಪಾಠಿಗಳೇ ಇರಬೇಕೆಂದು ನಾವೂ ಅಂದುಕೊಳ್ಳುತ್ತೇವೆ, ಕೊನೆಗೆ ಅದು ಮಲತಂದೆಯ ಕೈಬರಹವೆಂದು ತಿಳಿಯುತ್ತದೆ.

ಈ ಕಾದಂಬರಿಯಲ್ಲಿ ಪ್ರೀತಿ ಸಮಸ್ಯೆಯಲ್ಲ. ಆ ಹುಡುಗಿಗೆ ದಿನದಲ್ಲಿ ಭಯವಿಲ್ಲದ ಜಾಗವೆಂದರೆ ಆ ಹುಡುಗನ ಪಕ್ಕದ ಸೀಟು. ಶಿಕ್ಷಕರು ಆ ಸೀಟನ್ನು ಮಾತ್ರ ನೋಡಿ ಇಬ್ಬರನ್ನೂ ಬೇರೆ ಮಾಡಿದರೆ ಮನೆ ಕಾಣದೇ ಉಳಿಯುತ್ತದೆ. ಪಾರ್ಕ್‌ನ ಕೊರಿಯನ್ ಮನೆತನವನ್ನು ಚಿತ್ರಿಸಿದ ರೀತಿಯ ಬಗ್ಗೆ ಟೀಕೆಗಳೂ ಬಂದಿವೆ, ಅವನ್ನೂ ಚರ್ಚೆಗೆ ತರಬಹುದು. ಆದರೆ ‘ಇವಳು ಯಾಕೆ ಅವನ ಪಕ್ಕ ಕೂರುತ್ತಾಳೆ’ ಎಂಬುದರ ಜೊತೆಗೆ ‘ಇವಳು ಮನೆಗೆ ಹೋಗಲು ಯಾಕೆ ಹಿಂಜರಿಯುತ್ತಾಳೆ’ ಎಂದು ಕೇಳಲು ಈ ಪುಸ್ತಕ ಕಲಿಸುತ್ತದೆ. ಪಾಠ ಯೋಜನೆಯ ಯಾವ ಅಂಕಣವೂ ನನಗೆ ಇದನ್ನು ಕಲಿಸಿರಲಿಲ್ಲ.

ರೆಬೆಕಾ ಸ್ಟೆಡ್ ಅವರ ‘ಗುಡ್‌ಬೈ ಸ್ಟ್ರೇಂಜರ್’ (2015) ಇನ್ನೂ ಚಿಕ್ಕ ವಯಸ್ಸಿನವರ ಕಥೆ. ನ್ಯೂಯಾರ್ಕಿನಲ್ಲಿ ಏಳನೇ ತರಗತಿ ಓದುವ ಮೂವರು ಗೆಳತಿಯರು ತಮ್ಮೊಳಗೆ ಜಗಳವಾಡಬಾರದೆಂದು ನಿಯಮ ಮಾಡಿಕೊಂಡಿದ್ದಾರೆ. ಅವರಲ್ಲಿ ಒಬ್ಬಳು ತನ್ನ ಫೋಟೋವನ್ನು ಒಬ್ಬ ಹುಡುಗನಿಗೆ ಮೊಬೈಲ್‌ನಲ್ಲಿ ಕಳಿಸುತ್ತಾಳೆ. ಅದು ಶಾಲೆಯೆಲ್ಲ ಹರಡುತ್ತದೆ. ಇದು ನ್ಯೂಯಾರ್ಕಿನ ಸಂಗತಿ ಮಾತ್ರವೇ? ಮನೆಮನೆಗೂ ಸ್ಮಾರ್ಟ್‌ಫೋನ್ ಬಂದಿರುವ ನಮ್ಮ ಹೋಬಳಿ ಊರುಗಳ ಪ್ರೌಢಶಾಲೆಯಲ್ಲೂ ನಾಳೆ ನಮ್ಮೆದುರು ಬರಬಹುದಾದದ್ದು. ಕಾದಂಬರಿ ಫೋಟೋ ಕಳಿಸಿದ್ದು ಸರಿ ಎನ್ನುವುದಿಲ್ಲ. ಅವಳನ್ನು ‘ಅಂಥವಳು’ ಎಂದು ತಳ್ಳಿಬಿಡುವುದೂ ಇಲ್ಲ. ಉಳಿದ ಇಬ್ಬರು ಗೆಳತಿಯರಿಗೆ ಅವಳ ಮೇಲೆ ಕೋಪವಿದೆ, ಪ್ರೀತಿಯೂ ಇದೆ. ಎರಡನ್ನೂ ಹೊತ್ತುಕೊಂಡು ಹೇಗೆ ಜೊತೆಗಿರುವುದು ಎಂಬುದೇ ಅಲ್ಲಿನ ಪ್ರಶ್ನೆ.

ಇಲ್ಲಿಂದ ಸ್ನೇಹದ ಮಾತಿಗೆ ಬರಬೇಕು. ನಮ್ಮ ಶಾಲೆಗಳಲ್ಲಿ ಹುಡುಗ, ಹುಡುಗಿ ಮಾತಾಡಿದರೆ ಹತ್ತು ಕಣ್ಣು ನೋಡುತ್ತವೆ. ಇಬ್ಬರು ಹುಡುಗಿಯರು ಮಾತು ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೋವಿಜ್ಞಾನದ ಪ್ರಾಯೋಗಿಕ ಕೆಲಸದಲ್ಲಿ ನಾವು ಮೊರೆನೊ ಅವರ ಸೋಷಿಯೋಗ್ರಾಂ ಬಿಡಿಸುತ್ತೇವೆ. ಯಾರ ಪಕ್ಕ ಕೂರಲು ಇಷ್ಟವೆಂದು ಕೇಳಿ, ಹುಡುಗರಿಗೆ ತ್ರಿಕೋನ, ಹುಡುಗಿಯರಿಗೆ ವೃತ್ತ ಹಾಕಿ, ಬಾಣ ಎಳೆದು, ಯಾವ ಬಾಣವೂ ಬರದ ಮಗುವನ್ನು ‘ಏಕಾಂಗಿ’ ಎಂದು ಗುರುತಿಸುತ್ತೇವೆ. ಒಳ್ಳೆಯ ಸಾಧನವೇ. ಆದರೆ ಹೋದ ವರ್ಷ ಇದ್ದ ಬಾಣ ಈ ವರ್ಷ ಯಾಕಿಲ್ಲ ಎಂದು ಆ ಚಿತ್ರ ಹೇಳುವುದಿಲ್ಲ.

ಹಿಮಾಂಜಲಿ ಶಂಕರ್ ಅವರ ‘ಟಾಕಿಂಗ್ ಆಫ್ ಮುಸ್ಕಾನ್’ (2014) ಹೇಳುವುದು ಅದನ್ನೇ. ಇದು ನಮ್ಮ ದೇಶದ್ದೇ ಶಾಲೆಯ ಕಥೆ. ಮುಸ್ಕಾನ್ ಎಂಬ ಹುಡುಗಿ ಜೀವ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆಯಲ್ಲಿದ್ದಾಳೆ. ಕಥೆ ಹೇಳುವವಳು ಅವಳಲ್ಲ, ಮೂವರು ಸಹಪಾಠಿಗಳು: ಆಲಿಯಾ, ಪ್ರತೀಕ್, ಸುಭೋಜಯ್. ಮುಸ್ಕಾನ್‌ಗೆ ಹುಡುಗಿಯರ ಮೇಲೆ ಒಲವು ಎಂಬುದು ಗುಸುಗುಸು ಆಗಿ, ಗೇಲಿಯಾಗಿ, ಕೊನೆಗೆ ಒಂಟಿತನವಾಗುತ್ತದೆ. ಒಂದು ಕಾಲದಲ್ಲಿ ಅತ್ಯಂತ ಆಪ್ತಳಾಗಿದ್ದ ಆಲಿಯಾ ಅವಳಿಂದ ದೂರ ಸರಿದಿದ್ದಾಳೆ. ಮೂವರಿಗೂ ಒಂದೊಂದು ಚೂರು ಗೊತ್ತು, ಇಡೀ ಸಂಗತಿ ಯಾರಿಗೂ ಗೊತ್ತಿಲ್ಲ. ತರಗತಿ ಶಿಕ್ಷಕರ ಕೆಲಸವೆಂದರೆ ಆ ಚೂರುಗಳನ್ನು ಮಗು ಆಸ್ಪತ್ರೆ ಸೇರುವ ಮುಂಚೆ ಜೋಡಿಸುವುದಲ್ಲವೇ?

ಈ ವಾದಕ್ಕೆ ಎದುರಾಗುವ ಆಕ್ಷೇಪಗಳು ನನಗೆ ಗೊತ್ತು. ಸಹಪಾಠಿಗಳೇ ಕೇಳಿದ್ದಾರೆ.

ಮೊದಲನೆಯದು, ಪ್ರೀತಿಯ ವಿಷಯ ಎತ್ತಿದರೆ ಇಲ್ಲದ ಆಸೆ ಹುಟ್ಟಿಸಿದಂತೆ ಎನ್ನುವುದು. ಆದರೆ ಮಕ್ಕಳು ಪ್ರೀತಿಯ ಕಥೆಗೆ ನಮ್ಮ ಅಪ್ಪಣೆ ಕಾಯುತ್ತಿಲ್ಲ. ನಾವು ಶಾಲೆಯಲ್ಲಿದ್ದಾಗ 2007ರ ‘ಚೆಲುವಿನ ಚಿತ್ತಾರ’ ಟಿವಿಯಲ್ಲಿ ಬಂದರೆ ಬೀದಿಯ ಮಕ್ಕಳೆಲ್ಲ ಕೂತು ನೋಡುತ್ತಿದ್ದೆವು. ಅದೂ ಓದುವ ಹುಡುಗಿಯೊಬ್ಬಳು ಮೆಕ್ಯಾನಿಕ್ ಹುಡುಗನನ್ನು ಪ್ರೀತಿಸಿ ಮನೆಬಿಟ್ಟು ಹೋಗುವ ಕಥೆಯೇ. ಇಂದು ಅದೇ ಕೆಲಸವನ್ನು ಮೊಬೈಲಿನ ಚಿಕ್ಕ ಚಿಕ್ಕ ವಿಡಿಯೋಗಳು ಮಾಡುತ್ತಿವೆ. ಎಷ್ಟೋ ಸಿನಿಮಾಗಳಲ್ಲಿ ಹುಡುಗಿ ಬೇಡವೆಂದರೂ ಹಿಂದೆ ಬೀಳುವುದೇ ಪ್ರೀತಿ. ಹಾಡು ಮುಗಿಯುವಷ್ಟರಲ್ಲಿ ಅವಳು ಒಪ್ಪಿರುತ್ತಾಳೆ. ಒಳ್ಳೆಯ ಹದಿಹರೆಯದ ಕಾದಂಬರಿಯಲ್ಲಿ ಕೈ ಹಿಡಿಯುವ ಮುಂಚೆ ನೂರು ಪುಟಗಳ ಅನುಮಾನ, ಹಿಂಜರಿಕೆ, ಕೇಳುವಿಕೆ ಇರುತ್ತದೆ. ‘ಬೇಡ’ ಎಂದರೆ ಬೇಡ ಎಂದೇ ಅರ್ಥ.

ಎರಡನೆಯದು ಕಾನೂನು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಲೈಂಗಿಕ ಸಂಪರ್ಕಕ್ಕೆ ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ. ದೌರ್ಜನ್ಯ ನಡೆದದ್ದು ಗೊತ್ತಾದರೆ ವರದಿ ಮಾಡುವುದು ಶಿಕ್ಷಕರ ಕರ್ತವ್ಯ, ಬಚ್ಚಿಡುವುದು ಅಪರಾಧ. ಕಾದಂಬರಿ ಓದಿ ಮನಸ್ಸು ಕರಗಿತು ಎಂದು ಇದನ್ನು ಮರೆಯುವಂತಿಲ್ಲ. 1098 ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಬರೆದಿಡಲೇಬೇಕು. ಆದರೆ ಇಷ್ಟಪಟ್ಟು ಬರೆದ ಒಂದು ಚೀಟಿ ದೌರ್ಜನ್ಯವಲ್ಲ, ಮತ್ತು ದೌರ್ಜನ್ಯ ಯಾವಾಗಲೂ ಚೀಟಿಯ ರೂಪದಲ್ಲಿ ಬರುವುದಿಲ್ಲ. ಎಲಿನಾರ್‌ಳಿಗೆ ಅದು ಮನೆಯಿಂದಲೇ ಬಂದಿತ್ತು. ಈ ಎರಡರ ವ್ಯತ್ಯಾಸ ತಿಳಿಯಲು ಕಾಯ್ದೆಯ ಕಲಮುಗಳ ಜೊತೆಗೆ ಮಕ್ಕಳ ಮನಸ್ಸಿನ ಪರಿಚಯವೂ ಬೇಕು.

ಮೂರನೆಯದು ಭಾಷೆ. ಇದು ನಿಜವಾದ ತೊಡಕು. ನಮ್ಮಲ್ಲಿ ಅನೇಕರು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮುನ್ನೂರು ಪುಟದ ಇಂಗ್ಲಿಷ್ ಕಾದಂಬರಿ ಎಂದರೆ ಹಿಂಜರಿಕೆ ಸಹಜ. ಕನ್ನಡದಲ್ಲಿ ಮಕ್ಕಳ ಕಥೆಗಳಿವೆ, ದೊಡ್ಡವರ ಕಾದಂಬರಿಗಳಿವೆ, ನಡುವಿನ ವಯಸ್ಸಿಗೆಂದೇ ಬರೆದವು ಕಡಿಮೆ. ಹಾಗೆಂದು ಕನ್ನಡ ಕೈಚೆಲ್ಲಿ ಕೂತಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ರಫಿ ಮತ್ತು ಜಯಂತಿ ಇದ್ದಾರೆ. ಕೆಸರೂರಿನ ಇಬ್ಬರು ಎಳೆಯರ ಒಲವನ್ನು ಇಡೀ ಊರಿನ ಜಾತಿ, ಮತದ ದ್ವೇಷ ಹೇಗೆ ಸುತ್ತಿಕೊಳ್ಳುತ್ತದೆ ಎಂಬುದು ಅಲ್ಲಿದೆ. ಹದಿಹರೆಯದವರಿಗೆಂದೇ ಬರೆದ ಪುಸ್ತಕವಲ್ಲ, ಆದರೂ ನಮ್ಮ ಓದಿಗೆ ಒಳ್ಳೆಯ ಆರಂಭ. ಇಂಗ್ಲಿಷ್ ಪುಸ್ತಕಗಳಿಗೆ ಗುಂಪಿನ ಓದೇ ದಾರಿ. ನಾಲ್ವರ ಗುಂಪಿನಲ್ಲಿ ಇಂಗ್ಲಿಷ್ ಬೋಧನಾ ವಿಧಾನ ತೆಗೆದುಕೊಂಡ ಒಬ್ಬರಿದ್ದರೆ, ಅವರು ವಾರಕ್ಕೆ ಕೆಲವು ಅಧ್ಯಾಯ ಓದಿ ಕನ್ನಡದಲ್ಲಿ ಕಥೆ ಹೇಳಲಿ. ಉಳಿದವರು ಆರಿಸಿದ ಪುಟಗಳನ್ನು ಮೂಲದಲ್ಲಿ ಓದಲಿ.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಬೋಧಕರ ಮುಂದೆ ಸಣ್ಣ ಪ್ರಸ್ತಾವ ಇಡುತ್ತೇನೆ. ಇಂಟರ್ನ್‌ಶಿಪ್‌ಗೆ ಹೋಗುವ ಮುಂಚಿನ ಸೆಮಿಸ್ಟರ್‌ನಲ್ಲಿ ಪ್ರತಿ ಗುಂಪು ಒಂದು ಕಾದಂಬರಿ ಓದಲಿ. ಗ್ರಂಥಾಲಯ ಪ್ರತಿ ಪುಸ್ತಕದ ಎರಡು ಪ್ರತಿ ತರಿಸಿದರೆ ಸಾಕು. ಸಾರಾಂಶ ಬರೆಸುವುದು ಬೇಡ. ಅದರ ಬದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಿ. ಈ ಮಗುವಿನ ಸಂಕಟದ ಯಾವ ಗುರುತು ಶಾಲೆಯಲ್ಲಿ ಕಣ್ಣಿಗೆ ಬೀಳುವಂತಿತ್ತು? ಅದನ್ನು ನೋಡಿದ ದೊಡ್ಡವರು ಯಾರು, ಏನು ಮಾಡಿದರು? ನೀವು ಆ ತರಗತಿಯ ಶಿಕ್ಷಕರಾಗಿದ್ದರೆ ಆ ದಿನ ಮೊದಲ ಮಾತು ಏನು ಆಡುತ್ತಿದ್ದಿರಿ? ಮೂರನೆಯ ಉತ್ತರವನ್ನು ಸೂಕ್ಷ್ಮ ಬೋಧನೆಯಂತೆಯೇ ಐದು ನಿಮಿಷ ಅಭಿನಯಿಸಿ ತೋರಿಸಲಿ. ಪ್ರಶ್ನಿಸುವ ಕೌಶಲವನ್ನು ‘ದ್ಯುತಿಸಂಶ್ಲೇಷಣೆ ಎಂದರೇನು’ ಎಂದು ಕೇಳಲು ಅಭ್ಯಾಸ ಮಾಡುವ ನಾವು, ‘ನಿನಗೆ ಏನಾದರೂ ತೊಂದರೆ ಇದೆಯಾ ಪುಟ್ಟಿ’ ಎಂದು ಕೇಳುವುದನ್ನೂ ಅಭ್ಯಾಸ ಮಾಡಬೇಕು. ಅದನ್ನು ಎಲ್ಲರ ಮುಂದೆ ಕೇಳಬಾರದು ಎಂಬುದೂ ಆ ಅಭ್ಯಾಸದ ಭಾಗವೇ.

ಕಾದಂಬರಿ ಓದಿದವರೆಲ್ಲ ಒಳ್ಳೆಯ ಶಿಕ್ಷಕರಾಗುತ್ತಾರೆಂದು ನಾನು ಹೇಳಲಾರೆ. ಆದರೆ ಸಲ್ಫ್ಯೂರಿಕ್ ಆಮ್ಲವನ್ನು ಮುಟ್ಟುವ ಮುಂಚೆ ಅದರ ಗುಣವೇನೆಂದು ಓದಿಕೊಂಡೇ ನಾವು ಪ್ರಯೋಗಾಲಯಕ್ಕೆ ಹೋಗುತ್ತೇವೆ. ಹದಿನಾಲ್ಕು ವರ್ಷದ ಮಗುವಿನ ಮಾನ, ಅವಳ ಶಾಲೆ, ಅವಳ ಮುಂದಿನ ಬದುಕು ನಮ್ಮ ಕೈಯಲ್ಲಿರುವ ಗಳಿಗೆಗೆ ಅಷ್ಟು ಸಿದ್ಧತೆಯಾದರೂ ಬೇಡವೇ? ಮುಂದಿನ ತಂಡ ಇಂಟರ್ನ್‌ಶಿಪ್‌ಗೆ ಹೊರಡುವ ಮುಂಚೆ ಈ ವಿಷಯ ನಮ್ಮ ಕಾಲೇಜಿನಲ್ಲಿ ಚರ್ಚೆಯಾಗಲಿ ಎಂದು ಕೋರುತ್ತೇನೆ.