ಮರಣ ಶಿಬಿರದ ಯಾತ್ರೆ ಯಾರಿಗಾಗಿ?

ಪೋಲೆಂಡಿನ ಆಶ್ವಿಟ್ಜ್ ಶಿಬಿರದಲ್ಲಿ ಹಿಟ್ಲರನ ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯಹೂದಿಗಳು. 1945ರ ಜನವರಿ 27ರಂದು ಸೋವಿಯತ್ ಕೆಂಪು ಸೇನೆ ಅಲ್ಲಿ ಉಳಿದಿದ್ದವರನ್ನು ಬಿಡಿಸಿತು. 1947ರಿಂದ ಅದು ಸ್ಮಾರಕ. 2019ರಲ್ಲಿ 23 ಲಕ್ಷ ಜನ ಅದನ್ನು ನೋಡಿದರು. ಯೂರೋಪು ಪ್ರವಾಸ ಮಾಡುವ ನಮ್ಮ ನಾಡಿನ ಅನುಕೂಲಸ್ಥರೂ ಈಗ ಅಲ್ಲಿಗೆ ಹೋಗುತ್ತಾರೆ. ಹೋಗಲಿ, ನೋಡಲೇಬೇಕಾದ ಸ್ಥಳ. ಆದರೆ "ಒಬ್ಬ ಹುಚ್ಚನಿಂದ ಎಂಥ ಅನಾಹುತವಾಯಿತು!" ಎಂದು ಕಣ್ಣೊರೆಸಿಕೊಂಡು ಊರಿಗೆ ಮರಳುವುದಾದರೆ, ನೋಡಬೇಕಾದ್ದನ್ನು ಅವರು ನೋಡಲೇ ಇಲ್ಲವೆಂದು ನಾವು ಹೇಳುತ್ತೇವೆ.

ಹುಚ್ಚ ಲೆಕ್ಕ ಬರೆಯುವುದಿಲ್ಲ. ಇಲ್ಲಿ ಪ್ರತಿಯೊಂದಕ್ಕೂ ಲೆಕ್ಕವಿತ್ತು. ಸಾವಿಗೆ ಹೊರಟವರನ್ನು ಸರಕಿನ ಡಬ್ಬಿಗಳಲ್ಲಿ ತುಂಬಿ ತಂದ ಜರ್ಮನ್ ರೈಲ್ವೆ, ಮೂರನೇ ದರ್ಜೆಯ ದರದಲ್ಲಿ ಬಿಲ್ಲು ಮಾಡಿತು. ಮಕ್ಕಳಿಗೆ ಅರ್ಧ ಟಿಕೆಟ್ಟು, ನಾಲ್ಕು ವರ್ಷದೊಳಗಿನ ಕೂಸುಗಳಿಗೆ ಮಾಫಿ! ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪನಿ ಶಿಬಿರದ ಮಗ್ಗುಲಲ್ಲೇ ಕಾರ್ಖಾನೆ ಕಟ್ಟಿ, ಕೈದಿಯ ದಿನದ ದುಡಿಮೆಗೆ 3 ಮಾರ್ಕು, ಕಸಬು ಬಲ್ಲವನಿಗೆ 4 ಮಾರ್ಕು ತೆತ್ತಿತು. ಆ ಹಣ ಎಸ್.ಎಸ್. ಎಂಬ ನಾಜಿ ಪಡೆಗೆ ಹೋಯಿತು. ದುಡಿದವನಿಗೆ ಒಂದು ಕಾಸೂ ಸಿಗಲಿಲ್ಲ. ಹೆಂಗಸರ ತಲೆಗೂದಲನ್ನು ಮೂಟೆ ಕಟ್ಟಿ ಕಾರ್ಖಾನೆಗಳಿಗೆ ಮಾರಿದರು. ಕೆಂಪು ಸೇನೆ ಬಂದಾಗ ಇನ್ನೂ ಸುಮಾರು 7 ಟನ್ ಕೂದಲು ಬಿದ್ದಿತ್ತು. ಕೂದಲಿನಿಂದ ನೇಯ್ದ ಬಟ್ಟೆಯ ಸುರುಳಿಗಳು ಇಂದಿಗೂ ಸ್ಮಾರಕದಲ್ಲಿವೆ. ಅರಳೆ, ನೂಲುಗಳ ನಡುವೆ ಆಯುಷ್ಯ ಸವೆಸಿದ ಗಿರಣಿ ಕಾರ್ಮಿಕನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ?

ನಮ್ಮ ದುರ್ಗದ ಕೋಟೆಗೆ ಬಂದವರಿಗೆ ಓಬವ್ವನ ಕಿಂಡಿಯನ್ನು ತೋರಿಸುತ್ತೇವೆ. ಏಳು ಸುತ್ತಿನ ಕೋಟೆಗೂ ಅಪಾಯ ಹೆಬ್ಬಾಗಿಲಿನಿಂದ ಬರಲಿಲ್ಲ, ಒಬ್ಬ ಮನುಷ್ಯ ನುಸುಳುವಷ್ಟು ಸಂದಿನಿಂದ ಬಂತು. ಆಶ್ವಿಟ್ಜ್‌ಗೆ ದಾರಿ ಮಾಡಿದ ಕಿಂಡಿಯನ್ನು ಹುಡುಕಬೇಕಾದರೆ ಜರ್ಮನಿಯ ಪೇಟೆ ಬೀದಿಗೆ ಹೋಗಬೇಕು.

1933ರ ಮಾರ್ಚ್ 22ರಂದು ಡಾಖೌ ಸೆರೆಶಿಬಿರ ತೆರೆಯಿತು. ಮೊದಲು ಒಳಗೆ ಬಿದ್ದವರು ಕಮ್ಯುನಿಸ್ಟರು, ಸಮಾಜವಾದಿಗಳು, ಕಾರ್ಮಿಕ ಮುಖಂಡರು. ಏಪ್ರಿಲ್ 1ರಂದು ಯಹೂದಿಗಳ ಅಂಗಡಿಗಳ ಮುಂದೆ ನಾಜಿ ದಂಡು ನಿಂತು ಗಿರಾಕಿಗಳನ್ನು ತಡೆಯಿತು. ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ವಶಪಡಿಸಿಕೊಂಡಿತು. ಆರು ವಾರದೊಳಗೆ ಮೂರೂ ಕೆಲಸ ಮುಗಿಯಿತು. 1938ರ ನವೆಂಬರಿನಲ್ಲಿ ಯಹೂದಿಗಳ ಅಂಗಡಿಗಳನ್ನು ಒಡೆದರು, ಅವರು ಅಂಗಡಿ ಇಡುವುದನ್ನೇ ಕಾನೂನು ಮಾಡಿ ನಿಲ್ಲಿಸಿದರು. 1942ರಲ್ಲಿ ಆಶ್ವಿಟ್ಜ್‌ನ ವಿಷಾನಿಲದ ಕೋಣೆಗಳಿಗೆ ರೈಲುಗಳು ಬರತೊಡಗಿದ್ದವು.

ಇದರಿಂದ ಚಿಲ್ಲರೆ ವ್ಯಾಪಾರಿಗೆ ಏನು ದಕ್ಕಿತು? ದೊಡ್ಡ ಮಳಿಗೆಗಳನ್ನು ಕಿತ್ತುಕೊಂಡು ಸಣ್ಣ ವ್ಯಾಪಾರಿಗಳಿಗೆ ಅಗ್ಗದ ಬಾಡಿಗೆಗೆ ಕೊಡುತ್ತೇವೆಂದು ನಾಜಿ ಪಕ್ಷ 1920ರ ಕಾರ್ಯಕ್ರಮದಲ್ಲೇ ಬರೆದಿತ್ತು. ಅಧಿಕಾರ ಸಿಕ್ಕ ಮೇಲೆ ಆ ಮಾತನ್ನು ನುಂಗಿಕೊಂಡಿತು. ಕಾರ್ಮಿಕನ ಪಾಲಿಗೆ ಸಂಘವೂ ಇಲ್ಲ, ಮುಷ್ಕರವೂ ಇಲ್ಲ.

ಈಗ ನಮ್ಮ ನಾಡಿನ ಮಾತು. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿ ಜಾತ್ರೆಯಲ್ಲೂ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲೂ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಕಾಪು ಆಶ್ವಿಟ್ಜ್ ಆಯಿತೆಂದು ನಾವು ಹೇಳುತ್ತಿಲ್ಲ. ಹಾಗೆನ್ನುವುದು ಅಲ್ಲಿ ಸತ್ತವರಿಗೆ ಮಾಡುವ ಅವಮಾನ. ಆದರೆ ಅಂಗಡಿಯವನ ಧರ್ಮ ಕೇಳಿ ಸಾಮಾನು ಕೊಳ್ಳಿರೆಂಬ ಪಾಠ ಹಳೆಯದು. ಹಿಜಾಬ್ ತೀರ್ಪಿನ ವಿರುದ್ಧ ಅವರು ಅಂಗಡಿ ಮುಚ್ಚಿದ್ದಕ್ಕೆ ಇದು ಉತ್ತರವೆಂದು ಸಮರ್ಥಿಸಿಕೊಂಡರು. 1933ರ ಬಹಿಷ್ಕಾರವನ್ನೂ ನಾಜಿಗಳು ಹೊರದೇಶದ ಟೀಕೆಗೆ ಉತ್ತರವೆಂದೇ ಸಮರ್ಥಿಸಿಕೊಂಡಿದ್ದರು!

ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ, ಹೊಸದುರ್ಗ ಹೊಳಲ್ಕೆರೆಗಳ ಸಂತೆಗೆ ಬಳೆಯ ಮಲಾರ ಹೊತ್ತು ಬರುವವನು ಸಾಲ ತಂದು ಸರಕು ಹೊರುತ್ತಾನೆ. ಇಂದು ಅವನನ್ನು ಎಬ್ಬಿಸಿದ ಕೈ ನಾಳೆ ಸಂಘದ ಕಚೇರಿಗೆ ಬೀಗ ಹಾಕಲು ಹಿಂಜರಿಯದು. ನಮ್ಮ ಸಂತೆಯಲ್ಲಿ ಅಂಥ ಕರಪತ್ರ ಕಂಡ ದಿನವೇ ಗಿರಣಿಯವರೂ ವರ್ತಕರೂ ಒಟ್ಟಾಗಿ ನಿಂತು "ಇದು ನಡೆಯದು" ಎನ್ನಬೇಕು. ಆಶ್ವಿಟ್ಜ್‌ನಲ್ಲಿ ಸತ್ತವರಿಗೆ ನಾವು ಇಲ್ಲಿಂದಲೇ ಸಲ್ಲಿಸಬಹುದಾದ ಗೌರವ ಇದು.