ಪಟ್ಟಿ ಹೋಯಿತು, ಪದ ಹೋಗಲಿಲ್ಲ

ಓಟಗಾರನಿಗೆ ಮ್ಯಾರಥಾನ್ ಹೇಗೋ ಹುಟ್ಟು ಹಾಕುವವನಿಗೆ ರೆಗಾಟಾ ಹಾಗೆ. ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ ಹಿಂದೊಮ್ಮೆ ಬಂದಿದ್ದ ಪ್ರಶ್ನೆಯೊಂದಕ್ಕೆ ಇದು ಸರಿಯುತ್ತರ. ರೆಗಾಟಾ ಎಂದರೆ ದೋಣಿ ಪಂದ್ಯ. ಸಿರಿವಂತರ ಮನೆಯ ಮಕ್ಕಳಿಗೆ ಅದು ಆಡುಮಾತು. ಬಡ ಕೇರಿಯ ಹುಡುಗನ ಕಿವಿಗೆ ಬಿದ್ದಿರಲಾರದ ಮಾತು. ಪರೀಕ್ಷೆ ಅಳೆಯುವುದು ಬುದ್ಧಿಯನ್ನೋ ಅಪ್ಪನ ಅಂತಸ್ತನ್ನೋ ಎಂದು ಕೇಳುವವರೆಲ್ಲ ಈ ಪ್ರಶ್ನೆಯನ್ನೇ ಎತ್ತಿ ತೋರಿಸುತ್ತಿದ್ದರು.

1926ರಲ್ಲಿ ಶುರುವಾದ ಎಸ್‌ಎಟಿ 1994ರಲ್ಲಿ ವಿರುದ್ಧಪದಗಳನ್ನು ಕೈಬಿಟ್ಟಿತು, 2005ರಲ್ಲಿ ಹೋಲಿಕೆಯ ಪ್ರಶ್ನೆಗಳನ್ನು. 2014ರಲ್ಲಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಮುಖ್ಯಸ್ಥ ಡೇವಿಡ್ ಕೋಲ್ಮನ್ ಅಪರೂಪದ ಪದಗಳಿಗೂ ವಿದಾಯ ಹೇಳಿದರು. 2016ರ ಹೊಸ ಪರೀಕ್ಷೆ 'ಇಂಟೆನ್ಸ್'ನಂಥ ಸಾಮಾನ್ಯ ಪದವನ್ನೇ ಮುಂದಿಟ್ಟು, ಈ ವಾಕ್ಯದಲ್ಲಿ ಅದರ ಅರ್ಥವೇನು ಎಂದು ಕೇಳತೊಡಗಿತು.

ಇದು ಸುಲಭವಾಯಿತು ಎಂದುಕೊಂಡವರು ನಮ್ಮ 'ಹೊಡೆ'ಯನ್ನು ನೆನೆಯಬೇಕು. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಪಾಠ ಉರು ಹೊಡೆಯುತ್ತೇವೆ. ಎಲ್ಲೂ ಪೆಟ್ಟು ಬೀಳುವುದಿಲ್ಲ. ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗೆ ಇದನ್ನು ಯಾವ ನಿಘಂಟು ತೋರಿಸಿದರೂ ಅರ್ಧವೇ ದಕ್ಕೀತು. ಉಳಿದರ್ಧ ವರ್ಷಗಟ್ಟಲೆ ಕೇಳಿ, ಓದಿ ಬರಬೇಕು.

ನನ್ನ ತಕರಾರು ಇರುವುದು ಇಲ್ಲಿಯೇ. ಬಾಯಿಪಾಠ ಮಾಡಬೇಕಿದ್ದ ಅಪರೂಪದ ಪದಗಳ ಪಟ್ಟಿಯನ್ನು ತೆಗೆದದ್ದು ಬಡವರ ಹೆಸರಿನಲ್ಲಿ. ಆದರೆ ಪಟ್ಟಿ ಬಡವನಿಗೆ ಏಣಿಯೂ ಆಗಿತ್ತು. ಒಂದು ಕಾಲಕ್ಕೆ ಬೆಂಗಳೂರು, ಸುರತ್ಕಲ್‌ನ ಹಾಸ್ಟೆಲ್ ಕೋಣೆಗಳಲ್ಲಿ ಅಮೆರಿಕದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಜಿಆರ್‌ಇಗೆಂದು ಬ್ಯಾರನ್ಸ್ ಪುಸ್ತಕದ ಪದಗಳನ್ನು ಬಾಯಿಪಾಠ ಮಾಡಿದವರಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರೂ ಇದ್ದರು. ಹಳೆಯದೊಂದು ಪ್ರತಿ, ಮೂರು ತಿಂಗಳ ಹಟ, ಅಷ್ಟೇ ಬಂಡವಾಳ. ಕಲಿತ ಪದಗಳಲ್ಲಿ ಮುಕ್ಕಾಲು ಪಾಲು ವಿಮಾನ ಹತ್ತುವ ಮೊದಲೇ ಮರೆತುಹೋಗಿರಬಹುದು (ಪದ ತಿಳಿಯುವುದಕ್ಕೂ ಅರ್ಥ ಒಪ್ಪಿಸುವುದಕ್ಕೂ ವ್ಯತ್ಯಾಸವಿದೆ, ನಿಜ). ಜಿಆರ್‌ಇ ಕೂಡ 2011ರಲ್ಲಿ ವಿರುದ್ಧಪದ, ಹೋಲಿಕೆಗಳನ್ನು ಬಿಟ್ಟಿತು. ಈಗ ಬೇಕಿರುವುದು ಓದುವ ಅಭ್ಯಾಸ. ಅದನ್ನು ಮೂರು ತಿಂಗಳಲ್ಲಿ ಉರು ಹೊಡೆಯುವುದು ಹೇಗೆ?

ಹಾಗೆಂದು ಪಟ್ಟಿಯೊಂದೇ ಸಾಕು ಎನ್ನುತ್ತಿಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿಸುತ್ತಿದ್ದರು, ಅದರ ಜೊತೆಗೇ ಕಾವ್ಯವನ್ನೂ ಓದಿಸುತ್ತಿದ್ದರು. ಕೋಶದಲ್ಲಿ ಕಂಡ ಪದ ಶ್ಲೋಕದಲ್ಲಿ ಎದುರಾದಾಗ ಗುರುತು ಹತ್ತುತ್ತಿತ್ತು. ಈಗಿನ ಕೋಚಿಂಗ್ ಕೇಂದ್ರಗಳು ಮಾರುವುದು ಕೋಶವನ್ನು ಮಾತ್ರ, ಅದೂ ಮೊಬೈಲ್ ಕಾರ್ಡುಗಳಾಗಿ ಕತ್ತರಿಸಿ.

ಅಂದಹಾಗೆ, ಕಂಪ್ಯೂಟರಿನಲ್ಲಿ ನಡೆಯುವ ಈಗಿನ ಎಸ್‌ಎಟಿಯಲ್ಲಿ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಮರಳಿದೆ. ನಾಲ್ಕಾರು ಸಾಲಿನ ಗದ್ಯದಲ್ಲಿ ಒಂದು ಪದ ಖಾಲಿ. ಆಯ್ಕೆಗಳಲ್ಲಿ 'ಟೆನ್ಯುಯಸ್'ನಂಥ ಅಪರೂಪದ ಪದಗಳೂ ಇಣುಕುತ್ತವೆ. ಮುಂಬಾಗಿಲಿನಿಂದ ಕಳಿಸಿದ್ದು ಹಿತ್ತಿಲಿನಿಂದ ಒಳಬಂದಿದೆ.

ನಮ್ಮಲ್ಲೂ ಗಾಳಿ ಪಟ್ಟಿಯಿಂದ ಗದ್ಯದತ್ತಲೇ ಬೀಸುತ್ತಿದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಪದವಿ ಪ್ರವೇಶಕ್ಕೆ ಬರೆಯಬೇಕಾದ ಸಿಎಲ್‌ಎಟಿ 2020ರಿಂದ ಬಿಡಿ ಪದಗಳ ಅರ್ಥ ಕೇಳುವುದನ್ನು ಬಿಟ್ಟು, ಸುಮಾರು 450 ಪದಗಳ ಇಂಗ್ಲಿಷ್ ಗದ್ಯಭಾಗ ಕೊಟ್ಟು ಪ್ರಶ್ನಿಸುತ್ತದೆ. ಮನೆಗೆ ಇಂಗ್ಲಿಷ್ ಪತ್ರಿಕೆ ಬರುವ ಹುಡುಗಿ ಅದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾಳೆ. ಸಿಂಧನೂರಿನ ಸರ್ಕಾರಿ ಪಿಯು ಕಾಲೇಜಿನ ಹುಡುಗಿ ಎರಡನೇ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಗಡಿಯಾರ ಇಬ್ಬರಿಗೂ ಒಂದೇ.